ಬೀಗದ ಕೈ ಯಾರ ಬಳಿ ಇರಬೇಕು

ಶಿವಮೊಗ್ಗೆಯಲ್ಲಿ ಡಾಸ್ ಕಾಲದಿಂದ ಮೊದಲ್ಗೊಂಡು ಇಂದಿನವರೆಗೆ ಅಡಿಕೆ ಮಂಡಿ, ಪತ್ತಿನ ಸಹಕಾರ ಸಂಘ, ಔಷಧದ ಅಂಗಡಿ, ಮುದ್ರಣಾಲಯ ಮೊದಲಾದೆಡೆಗಳಿಗೆ, ಯಾವ ಕಂಪನಿಯ ಸೇವೆಯಲ್ಲಿಯೂ ಇರದೆ, ಕಂಪ್ಯೂಟರ್ ಸಲಹೆಗಾರರಾಗಿ ಕೆಲಸ ಮಾಡಿಕೊಂಡು ಬಂದ ಹಿರಿಯರೊಬ್ಬರು; ಬೆಂಗಳೂರಿನ ದೊಡ್ಡ ಕಂಪನಿಯೊಂದರಲ್ಲಿ ಬಹುಕಾಲ ದುಡಿದು, ಅಲ್ಲಿಯ ಕೆಲಸ ಮುಗಿದ ಮೇಲೆ ಊರಿಗೆ ಮರಳಿ ಅದೇ ವೃತ್ತಿಯನ್ನು ಹಿಡಿಯಬೇಕೆಂದಿರುವ, ಅವರ ಸ್ನೇಹಿತರ ಮಗನೊಬ್ಬ; ಇವರಿಬ್ಬರ ಮಾತುಕತೆಯಿದು. ಇಂಥ ಸಂಭಾಷಣೆ ಇಂದು ದಾವಣಗೆರೆಯಲ್ಲಿಯೋ ಹುಬ್ಬಳ್ಳಿಯಲ್ಲಿಯೋ ಪುತ್ತೂರಿನಲ್ಲಿಯೋ ನಡೆಯುತ್ತಿರಬಹುದಾದುದರಿಂದ, ಹೆಸರುಗಳನ್ನು ಬಿಟ್ಟು ವಿಷಯವನ್ನಷ್ಟೇ ಬರೆದಿದೆ.

ಕಿರಿಯ: ರಾಯರೆ, ಊರಿಗೆ ಬಂದವನು ನಾನು ಸುಮ್ಮನೆ ಕುಳಿತಿಲ್ಲ. ನೆಹರೂ ರಸ್ತೆಯ ಅಂಗಡಿಗಳಿಂದ ಹಿಡಿದು ಎ.ಪಿ.ಎಂ.ಸಿ. ಪ್ರಾಂಗಣದ ಮಂಡಿಗಳವರೆಗೆ ಹೋಗಿ, ನನ್ನ ಹೆಸರಿನ ಚೀಟಿ ಕೊಟ್ಟು, ನನಗೆ ತಿಳಿದಿರುವುದನ್ನೆಲ್ಲ ವಿವರಿಸಿ ಬಂದಿದ್ದೇನೆ. ಎಲ್ಲರೂ ಕಾಫಿ ಕೊಟ್ಟು ಮರ್ಯಾದೆಯಿಂದಲೇ ಕಳುಹಿಸಿದರು. ಆದರೆ ಮರಳಿ ಕರೆದವರು ಒಬ್ಬರೂ ಇಲ್ಲ. ನನಗಿಂತ ಕಡಿಮೆ ಕಲಿತವರಿಗೆ ಗಿರಾಕಿಗಳು ದೊರೆಯುತ್ತಿರುವಾಗ ನನಗೇಕೆ ದೊರೆಯಬಾರದು ಎಂಬುದು ತಿಳಿಯದೆ ತಮ್ಮ ಬಳಿ ಬಂದೆ.

ಹಿರಿಯರು: ಅವರಿಗೆ ನೀನು ಏನೆಂದು ಹೇಳಿದೆ?

ಕಿರಿಯ: ತಮ್ಮ ವ್ಯವಹಾರವನ್ನೆಲ್ಲ ಕ್ಲೌಡ್‌ಗೆ ಏರಿಸಿಕೊಡುತ್ತೇನೆ, ಎಲ್ಲಿ ಕುಳಿತರೂ ಲೆಕ್ಕ ನೋಡಬಹುದು, ಡೇಟಾಬೇಸನ್ನು ಹೊಸದಾಗಿ ಕಟ್ಟಿಕೊಡಬಲ್ಲೆ ಎಂದು.

ಹಿರಿಯರು: ಅವರು?

ಕಿರಿಯ: 'ನಮ್ಮಲ್ಲಿ ಟ್ಯಾಲಿ ಇದೆ' ಎಂದರು. ಹೆಚ್ಚುಕಡಿಮೆ ಎಲ್ಲ ಕಡೆಯೂ ಅದೇ ಉತ್ತರ.

ಹಿರಿಯರು: ಅದನ್ನು ನಿರಾಕರಣೆಯೆಂದು ತಿಳಿದು ನೀನು ಎದ್ದು ಬಂದೆ. ಅದರಲ್ಲಿ ನಮ್ಮ ವೃತ್ತಿಯ ಮೊದಲನೆಯ ಪಾಠವೇ ಅಡಗಿದೆ. ಆ ಟ್ಯಾಲಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿಯೇ, 1986ರಲ್ಲಿ. ಶ್ಯಾಮಸುಂದರ ಗೋಯೆಂಕಾ ಎಂಬ ವ್ಯಾಪಾರಿ ಕಾರ್ಖಾನೆಗಳಿಗೂ ಬಟ್ಟೆ ಗಿರಣಿಗಳಿಗೂ ಬೇಕಾದ ಕಚ್ಚಾಸಾಮಗ್ರಿ, ಬಿಡಿಭಾಗಗಳನ್ನು ಪೂರೈಸುತ್ತಿದ್ದರು. ತಮ್ಮ ಲೆಕ್ಕ ಇಡುವುದಕ್ಕೆ ಒಪ್ಪುವ ತಂತ್ರಾಂಶ ಎಲ್ಲಿಯೂ ಸಿಕ್ಕದಿರಲು, ಮಗನಾದ ಭರತ್ ಗೋಯೆಂಕಾರಿಗೆ ಅದನ್ನು ರಚಿಸುವಂತೆ ಹೇಳಿದರು. ಮಗನಿಗೆ 2020ರಲ್ಲಿ ಪದ್ಮಶ್ರೀ ಬಂದಿತು. ಯಂತ್ರದ ಸಾಮರ್ಥ್ಯವನ್ನು ಕಂಡು ಬೆರಗಾಗಿ ಅದಕ್ಕೊಂದು ಉಪಯೋಗವನ್ನು ಹುಡುಕುತ್ತ ಹೊರಟವರು ಅವರಲ್ಲ. ಒಬ್ಬ ವರ್ತಕ ತನ್ನ ಖಾತೆಪುಸ್ತಕದ ಮುಂದೆ ಕುಳಿತು ಪಟ್ಟ ತೊಂದರೆಯಿಂದ ಆ ತಂತ್ರಾಂಶ ಹೊರಟಿತು. ಅದಕ್ಕಾಗಿಯೇ ನಮ್ಮ ವರ್ತಕರು ಅದನ್ನು ಬಿಟ್ಟುಕೊಡುವುದಿಲ್ಲ. 'ನಮ್ಮಲ್ಲಿ ಟ್ಯಾಲಿ ಇದೆ' ಎಂದ ಮಂಡಿಯವರನ್ನು, 'ಹಾಗಾದರೆ ರೈತರ ಮುಂಗಡದ ಬಡ್ಡಿಯನ್ನು ಅದರಲ್ಲಿಯೇ ಹಾಕುತ್ತೀರೋ, ಬೇರೆ ಪುಸ್ತಕದಲ್ಲೋ?' ಎಂದು ನೀನು ಕೇಳಿದ್ದರೆ, ಅವರು ಎರಡನೆಯ ಲೋಟ ಕಾಫಿ ತರಿಸುತ್ತಿದ್ದರು.

ಕಿರಿಯ: ಮುಂಗಡದ ಬಡ್ಡಿಯ ವಿಚಾರ ನನಗೆ ತಿಳಿಯದು.

ಹಿರಿಯರು: ತಿಳಿಯದೆಂದು ಹೇಳುವುದರಲ್ಲಿ ದೋಷವಿಲ್ಲ, ತಿಳಿಯದೆ ಆ ಜಗಲಿಯನ್ನು ಹತ್ತುವುದು ಮಾತ್ರ ಸಲ್ಲ. ಕೇಳು. ತೋಟದವನು ಒಣಗಿಸಿದ ಅಡಿಕೆಯನ್ನು ಚೀಲಗಳಲ್ಲಿ ತಂದು ಮಂಡಿಯಲ್ಲಿ ಬಿಡುತ್ತಾನೆ. ಅಂದೇ ಮಾರಬೇಕೆಂದಿಲ್ಲ, ಧಾರಣೆ ಏರಲೆಂದು ಕಾಯುತ್ತಾನೆ. ಅಷ್ಟರಲ್ಲಿ ಮಗಳ ಮದುವೆಯೋ, ಕೊಳವೆಬಾವಿಯೋ, ಕೊಯ್ಲಿನ ಕೂಲಿಯೋ ಬರಲು, ಆ ಅಡಿಕೆಯ ಆಧಾರದ ಮೇಲೆ ಮಂಡಿಯಿಂದ ಮುಂಗಡ ಪಡೆಯುತ್ತಾನೆ. ಮುಂಗಡಕ್ಕೆ ಬಡ್ಡಿ ಉಂಟು. ಆ ಬಡ್ಡಿ ಹಣ ಕೊಟ್ಟ ದಿನದಿಂದಲೋ ಮರುದಿನದಿಂದಲೋ, ನಡುವೆ ಒಂದಿಷ್ಟು ಅಡಿಕೆ ಮಾರಾಟವಾಗಿ ಬಂದ ಹಣ ಮೊದಲು ಬಡ್ಡಿಗೆ ಜಮೆಯಾಗುವುದೋ ಅಸಲಿಗೋ, ಇದೆಲ್ಲ ಒಂದೊಂದು ಮಂಡಿಯಲ್ಲಿ ಒಂದೊಂದು ಸಂಪ್ರದಾಯ. ತಂದ ಮಾಲು ರಾಶಿಯೋ, ಬೆಟ್ಟೆಯೋ, ಗೊರಬಲೋ, ಸರಕೋ ಎಂಬುದನ್ನು ಬೇರೆಬೇರೆಯಾಗಿ ಬರೆಯಬೇಕು. ತೂಕದಲ್ಲಿ ಚೀಲದ ತೂಕ ಕಳೆಯಬೇಕು. ಹಮಾಲಿ ಯಾರ ಲೆಕ್ಕಕ್ಕೆ ಎಂಬುದನ್ನು ನೋಡಬೇಕು. ಇಷ್ಟೆಲ್ಲ ಆಗಿ, ವರ್ಷದ ಕೊನೆಯಲ್ಲಿ ರೈತ ತನ್ನ ಕಿಸೆಯಲ್ಲಿ ಇಟ್ಟುಕೊಂಡ ಚೀಟಿಗಳನ್ನು ತೆಗೆದು ಮೇಜಿನ ಮೇಲೆ ಹರಡಿದಾಗ ಅವನ ಮೊತ್ತಕ್ಕೂ ಮಂಡಿಯ ಮೊತ್ತಕ್ಕೂ ವ್ಯತ್ಯಾಸ ಬಂದರೆ, ಎರಡು ತಲೆಮಾರಿನಿಂದ ಅದೇ ಮಂಡಿಗೆ ಅಡಿಕೆ ತಂದ ಮನೆತನ ಮರುವರ್ಷ ಪಕ್ಕದ ಮಂಡಿಗೆ ಹೋಗುತ್ತದೆ. ಮಂಡಿಯ ಯಜಮಾನ ರಾತ್ರಿ ಯೋಚಿಸುವುದು ಅದನ್ನು. ನೀನು ಅವನಿಗೆ ಕ್ಲೌಡ್ ಎಂದು ಹೇಳಿದೆ.

ಕಿರಿಯ: ಆದರೆ ಒಳಗೆ ಸೇರಿಸಿಕೊಳ್ಳದೆ ಈ ವಿವರಗಳು ಹೊರಗಿನವನಿಗೆ ತಿಳಿಯುವುದು ಹೇಗೆ? ಒಳಗಿನದನ್ನು ಅರಿತವನಿಗೆ ಮಾತ್ರ ಕೆಲಸ, ಕೆಲಸವಿದ್ದವನಿಗೆ ಮಾತ್ರ ಒಳಗಿನ ಅರಿವು ಎಂದಾದರೆ ಹೊಸಬನು ಹೊಸಲಿನಲ್ಲಿಯೇ ನಿಲ್ಲಬೇಕಾದೀತು.

ಹಿರಿಯರು: ನ್ಯಾಯವಾದ ಪ್ರಶ್ನೆ. ನಾನು ಒಳಗೆ ಹೋದದ್ದು ಆಡಿಟರುಗಳ ಕಚೇರಿಯ ಮೂಲಕ. ಜಾಹೀರಾತು ಕೊಟ್ಟಿದ್ದೂ ಇಲ್ಲ, ಅಂಗಡಿ ಅಂಗಡಿ ಸುತ್ತಿದ್ದೂ ಇಲ್ಲ. ಯಾವ ವರ್ತಕನ ಪುಸ್ತಕ ಅಸ್ತವ್ಯಸ್ತವಾಗಿದೆ ಎಂಬುದು ಊರಿನಲ್ಲಿ ಮೊದಲು ತಿಳಿಯುವುದು ಅವನ ಆಡಿಟರಿಗೆ. ತಿಂಗಳ ಕೊನೆಯ ದಿನಗಳಲ್ಲಿ ಸರಿಹೊಂದದ ಲೆಕ್ಕವನ್ನು ಹಿಡಿದು ರಾತ್ರಿಯವರೆಗೂ ಕೂರುವವರು ಆ ಕಚೇರಿಯ ಸಹಾಯಕರು. ಅವರಲ್ಲಿಗೆ ಹೋಗಿ, 'ನಿಮ್ಮ ಯಾವ ಗಿರಾಕಿಯ ಕಡತದಿಂದ ನಿಮಗೆ ಅತಿಶಯವಾದ ಶ್ರಮವಾಗುತ್ತಿದೆ?' ಎಂದು ಕೇಳು. ಮಾರಾಟದ ಪಟ್ಟಿಯನ್ನು ಒಂದು ತಂತ್ರಾಂಶದಿಂದ ತೆಗೆದು ಮತ್ತೊಂದಕ್ಕೆ ಕೈಯಾರೆ ಬೆರಳಚ್ಚಿಸುತ್ತಿದ್ದೇವೆ ಎಂದು ಅವರು ಹೇಳುತ್ತಾರೆ. ಅದನ್ನು ತಾನಾಗಿಯೇ ಸಾಗಿಸುವ ಸಣ್ಣ ಪ್ರೋಗ್ರಾಮೊಂದನ್ನು ಬರೆದುಕೊಡುವುದು ನಿನ್ನಂಥವನಿಗೆ ಕಷ್ಟವಲ್ಲ. ಆ ಕೆಲಸ ಚೆನ್ನಾಗಿ ನಡೆದರೆ, ಮರುತಿಂಗಳು ಆ ಆಡಿಟರ್ ತಾನೇ ಮಂಡಿಯ ಯಜಮಾನನಿಗೆ ನಿನ್ನ ಹೆಸರು ಹೇಳುತ್ತಾನೆ. ಅವನು ಹೇಳಿದ ಹೆಸರಿಗೂ ನೀನು ಕೊಟ್ಟ ಚೀಟಿಗೂ ಬಹಳ ಅಂತರವಿದೆ. ಮಾತಿನ ನಡುವೆ ಇನ್ನೊಂದನ್ನು ಹೇಳಿಬಿಡುತ್ತೇನೆ: ಯಾವ ಕಚೇರಿಗೆ ಹೋದರೂ ಗುಮಾಸ್ತರನ್ನು ಗೌರವಿಸು. ಯಜಮಾನನಿಗೆ ತನ್ನ ವ್ಯಾಪಾರ ಹೇಗೆ ನಡೆಯಬೇಕೆಂಬುದು ಗೊತ್ತು. ಅದು ದಿನದಿನವೂ ವಸ್ತುತಃ ಹೇಗೆ ನಡೆಯುತ್ತದೆ ಎಂಬುದು ಗುಮಾಸ್ತನಿಗೆ ಮಾತ್ರ ಗೊತ್ತು. ಕಂಪ್ಯೂಟರ್ ಬಂದರೆ ತನ್ನ ಅನ್ನಕ್ಕೆ ಸಂಚಕಾರ ಬಂದೀತೆಂದು ಅವನು ಅಂಜಿಕೊಂಡಿರುತ್ತಾನೆ; ಆ ಅಂಜಿಕೆಯನ್ನು ಕಳೆಯದೆ ಮಾಡಿದ ತಂತ್ರಾಂಶ ಎಷ್ಟೇ ನಿರ್ದುಷ್ಟವಾಗಿದ್ದರೂ ಬಳಕೆಗೆ ಬರುವುದಿಲ್ಲ.

ಕಿರಿಯ: ಆಡಿಟರುಗಳಿಗೆ ಎಂದೂ ಇಲ್ಲದ ತೊಂದರೆ ಈಗೇಕೆ ಬಂದೀತು? ಅವರೂ ಅನೇಕ ವರ್ಷಗಳಿಂದ ಇದನ್ನೇ ನಡೆಸಿಕೊಂಡು ಬಂದವರಲ್ಲವೆ?

ಹಿರಿಯರು: ಕಾನೂನು ಬದಲಾಗುತ್ತದೆ, ಅದಕ್ಕಾಗಿ. ಹೊಸಬನಿಗೆ ಬಾಗಿಲು ತೆರೆಯುವುದು ಅಂಥ ದಿನಗಳಲ್ಲಿಯೇ. 2005ರ ಏಪ್ರಿಲ್ 1ರಂದು ನಮ್ಮ ರಾಜ್ಯದಲ್ಲಿ ಮೌಲ್ಯವರ್ಧಿತ ತೆರಿಗೆ ಬಂದಿತು. ಹಳೆಯ ಮಾರಾಟ ತೆರಿಗೆಗೆಂದು ಮಾಡಿದ ಬಿಲ್ಲುಗಳೆಲ್ಲ ಒಂದೇ ದಿನದಲ್ಲಿ ನಿರುಪಯುಕ್ತವಾದವು. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದಾಗ ಕಿರಾಣಿ ಸಗಟು ವ್ಯಾಪಾರಿಯಿಂದ ಹಿಡಿದು ಟೈರು ಮಾರುವವನವರೆಗೆ ಎಲ್ಲರೂ ಒಬ್ಬರನ್ನೊಬ್ಬರು ಕೇಳುತ್ತಿದ್ದುದು, 'ಇದನ್ನು ತಿಳಿದವರು ಯಾರಾದರೂ ಇದ್ದಾರೆಯೆ?' ಎಂದು. ಅನಂತರ ಇ-ಇನ್‌ವಾಯ್ಸ್ ಬಂದ ಕ್ರಮವನ್ನು ನೋಡು: 2020ರ ಅಕ್ಟೋಬರ್‌ನಲ್ಲಿ ವರ್ಷಕ್ಕೆ 500 ಕೋಟಿ ರೂಪಾಯಿಗೆ ಮೀರಿ ವಹಿವಾಟು ಉಳ್ಳವರಿಗೆ ಮಾತ್ರ ಅದು ಕಡ್ಡಾಯವಾಗಿತ್ತು, 2021ರ ಜನವರಿಯಲ್ಲಿ ಆ ಮಿತಿ 100 ಕೋಟಿಗೂ ಏಪ್ರಿಲ್‌ನಲ್ಲಿ 50 ಕೋಟಿಗೂ ಇಳಿಯಿತು, 2022ರಲ್ಲಿ ಏಪ್ರಿಲ್‌ಗೆ 20, ಅಕ್ಟೋಬರ್‌ಗೆ 10, 2023ರ ಆಗಸ್ಟ್ 1ರಿಂದ 5 ಕೋಟಿ. ಮೊದಲ ಮೆಟ್ಟಿಲಿನಲ್ಲಿ ಇದ್ದವರು ದೊಡ್ಡ ಕಾರ್ಖಾನೆಗಳು. ಅವರಿಗೆ ತಮ್ಮದೇ ಆದ ಕಂಪ್ಯೂಟರ್ ವಿಭಾಗವಿತ್ತು, ನಮ್ಮಂಥವರ ಹಂಗಿರಲಿಲ್ಲ. ಕೊನೆಯ ಮೆಟ್ಟಿಲಿಗೆ ಬಂದಾಗ ಅಲ್ಲಿ ನಿಂತಿದ್ದವರು ನಮ್ಮೂರಿನ ಸಿಮೆಂಟು, ಗೊಬ್ಬರ, ಬಟ್ಟೆಯ ಸಗಟು ವರ್ತಕರು. ಪ್ರತಿಯೊಂದು ಮಿತಿ ಇಳಿದ ದಿನ ಯಾವ ದರ್ಜೆಯ ವ್ಯಾಪಾರಿ ನೆರವಿಲ್ಲದೆ ನಿಲ್ಲುತ್ತಾನೆ ಎಂಬುದನ್ನು ಮುಂಚಿತವಾಗಿಯೇ ಊಹಿಸಿ, ಆ ದಿನಕ್ಕೆ ಎರಡು ತಿಂಗಳು ಮೊದಲೇ ಅವನಲ್ಲಿಗೆ ಹೋಗಿ ವಿಷಯ ತಿಳಿಸಿದವನು ಅನಂತರ ಗಿರಾಕಿಗಳನ್ನು ಅರಸಿಕೊಂಡು ಹೋಗಬೇಕಾಗಲಿಲ್ಲ. ಆದುದರಿಂದ ತಂತ್ರಜ್ಞಾನದ ಪತ್ರಿಕೆಗಳನ್ನು ಓದುವಷ್ಟೇ ಶ್ರದ್ಧೆಯಿಂದ ತೆರಿಗೆಯ ಅಧಿಸೂಚನೆಗಳನ್ನೂ ಓದು.

ಕಿರಿಯ: ಕಾನೂನಿನ ಬದಲಾವಣೆ ಗಿರಾಕಿಗೆ ತೊಂದರೆ, ನಮಗೆ ಕೆಲಸ; ಅದನ್ನು ಒಪ್ಪಿದೆ. ಆದರೆ ನಮ್ಮ ಉಪಕರಣಗಳೇ ಬದಲಾದಾಗ? ತಾವು ಕಲಿತದ್ದು ಫಾಕ್ಸ್‌ಪ್ರೊ ಎಂದು ಅಪ್ಪ ಹೇಳುತ್ತಿದ್ದರು. ಆ ಭಾಷೆ ಈಗೆಲ್ಲಿದೆ? ನಾನು ಕಲಿತದ್ದೂ ಹಾಗೆಯೇ ಹೋಗುತ್ತಿದೆ. ಕಂಪನಿ ನನ್ನನ್ನು ಬಿಟ್ಟದ್ದಕ್ಕೆ ಹೇಳಿದ ಕಾರಣವೂ ಅದೇ.

ಹಿರಿಯರು: ಫಾಕ್ಸ್‌ಪ್ರೊವಿನ ಕೊನೆಯ ಆವೃತ್ತಿ ಒಂಬತ್ತನೆಯದು, ಅದು ಹೊರಬಂದದ್ದು 2004ರಲ್ಲಿ. ಇನ್ನು ಮುಂದಿನ ಆವೃತ್ತಿ ಇಲ್ಲವೆಂದು ಮೈಕ್ರೋಸಾಫ್ಟ್ 2007ರಲ್ಲಿ ಸಾರಿತು. 2015ರ ಜನವರಿಯಲ್ಲಿ ಬೆಂಬಲವನ್ನೂ ನಿಲ್ಲಿಸಿತು. ಈ ಪ್ರಾಂತದ ಎಷ್ಟೋ ಮಂಡಿಗಳ, ಸಂಘಗಳ ಲೆಕ್ಕ ಅದರಲ್ಲಿತ್ತು. ನನ್ನ ಜೊತೆಗೆ ಈ ವೃತ್ತಿ ಹಿಡಿದವರಲ್ಲಿ ಕೆಲವರು ಆಗ ಕೈಬಿಟ್ಟು ಬೇರೆ ಕಸುಬಿಗೆ ಹೋದರು. ನಾನು ಉಳಿದುದಕ್ಕೆ ನನ್ನ ಬುದ್ಧಿವಂತಿಕೆ ಕಾರಣವಲ್ಲ. ಒಂದು ಅಭ್ಯಾಸ ಕಾರಣ. ಪ್ರತಿಯೊಂದು ಮಂಡಿಗೂ ಒಂದು ಪುಸ್ತಕವಿಟ್ಟು, ಅವರ ಬಡ್ಡಿಯ ಕ್ರಮವೇನು, ಚೀಲಕ್ಕೆ ಎಷ್ಟು ಕಳೆಯುತ್ತಾರೆ, ಯಾವ ಖರ್ಚು ಯಾರ ಮೇಲೆ, ಯಾವ ವರ್ಷ ಯಾವ ನಿಯಮ ಏಕೆ ಬದಲಾಯಿತು ಎಂಬುದನ್ನೆಲ್ಲ ಕನ್ನಡದಲ್ಲಿ, ಗುಮಾಸ್ತ ಓದಿದರೆ ಅರ್ಥವಾಗುವಂತೆ, ಬರೆದು ಅವರಿಂದ ಸಹಿ ಮಾಡಿಸಿಕೊಂಡಿದ್ದೆ. ಭಾಷೆ ಸತ್ತಾಗ ಆ ಪುಸ್ತಕ ಸಾಯಲಿಲ್ಲ. ಅದನ್ನು ಮುಂದಿಟ್ಟುಕೊಂಡು ಹೊಸ ಭಾಷೆಯಲ್ಲಿ ಮತ್ತೆ ಬರೆದೆ; ಅದು ಶ್ರಮವಾಗಿತ್ತು, ವಿಪತ್ತಾಗಿರಲಿಲ್ಲ. ಕಂಪನಿಯಲ್ಲಿ ನೀನು ಉಪಕರಣವನ್ನು ಕಲಿತೆ, ಅದನ್ನು ಬಳಸಿದ ವ್ಯವಹಾರವನ್ನು ಕಲಿಯುವುದಕ್ಕೆ ಅವರು ನಿನಗೆ ಅವಕಾಶ ಕೊಡಲಿಲ್ಲ. ಉಪಕರಣ ಹಳೆಯದಾದಾಗ ನಿನ್ನಲ್ಲಿ ಇನ್ನೇನೂ ಉಳಿದಿಲ್ಲವೆಂದು ಅವರು ಭಾವಿಸಿದರು. ಅದು ಅವರ ದೃಷ್ಟಿಯ ದೋಷ. ಇನ್ನು ಮುಂದೆ ನೀನು ವ್ಯವಹಾರದ ಕಡೆಯಿಂದ ಕಲಿ. ಯಂತ್ರಗಳಿಗೂ ಮುಹೂರ್ತಗಳಿವೆ: ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಬೆಂಬಲ ಮುಗಿಯಿತು. ಊರಿನ ಎಷ್ಟು ಔಷಧದ ಅಂಗಡಿಗಳಲ್ಲಿ, ಎಷ್ಟು ಕ್ಲಿನಿಕ್ಕುಗಳಲ್ಲಿ ಇನ್ನೂ ಅವೇ ಯಂತ್ರಗಳಿವೆ ಎಂಬುದನ್ನು ಕಣ್ಣಿಟ್ಟು ನೋಡಿದರೆ ನಿನಗೆ ತಿಳಿಯುತ್ತದೆ.

ಕಿರಿಯ: ಈಗ ಕೃತಕ ಬುದ್ಧಿಮತ್ತೆಯೇ ಪ್ರೋಗ್ರಾಮ್ ಬರೆಯುತ್ತಿದೆ. ತಮ್ಮ ಆ ಪುಸ್ತಕವನ್ನು ಅದರ ಮುಂದಿಟ್ಟರೆ ನಾವು ಬೇಕಾಗುವುದಿಲ್ಲ.

ಹಿರಿಯರು: ಬರೆಯುತ್ತದೆ, ಚೆನ್ನಾಗಿಯೇ ಬರೆಯುತ್ತದೆ, ಧಾರಾಳವಾಗಿ ಉಪಯೋಗಿಸು. ಆದರೆ ಆ ಪುಸ್ತಕವನ್ನು ಬರೆಯುವುದಕ್ಕೆ ಗುಮಾಸ್ತನ ಪಕ್ಕದಲ್ಲಿ ಕುಳಿತುಕೊಳ್ಳುವವನು ಬೇಕು, ಲೆಕ್ಕ ತಪ್ಪಿದ ದಿನ ರೈತನ ಎದುರು ನಿಂತು 'ಇದಕ್ಕೆ ನಾನು ಹೊಣೆ' ಎನ್ನುವವನು ಬೇಕು. ಇದರ ಮೇಲೆ ಹೆಚ್ಚು ಮಾತು ಬೇಡ. ಅದಕ್ಕಿಂತ ನನ್ನ ಮನಸ್ಸಿಗೆ ಬಹುಕಾಲದಿಂದ ಹತ್ತಿರವಾಗಿರುವ, ದೊಡ್ಡ ಕಂಪನಿಗಳು ತಿರುಗಿಯೂ ನೋಡದ ಒಂದು ಕೆಲಸದ ವಿಷಯ ಹೇಳುತ್ತೇನೆ.

ಕಿರಿಯ: ಅದು ಯಾವುದು?

ಹಿರಿಯರು: ಕನ್ನಡದ್ದು. 1998ರಲ್ಲಿ ಕನ್ನಡ ಬೆರಳಚ್ಚಿಸುವ ತಂತ್ರಾಂಶವಾದ, ಶೇಷಾದ್ರಿವಾಸು ಅವರ 'ಬರಹ' ಬಂದಿತು. ತದನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದು ಸರ್ಕಾರಿ ಕಚೇರಿಗಳಲ್ಲೆಲ್ಲ ನೆಲೆಸಿತು. ಯೂನಿಕೋಡ್ ಸರ್ವತ್ರ ಬಳಕೆಗೆ ಬರುವುದಕ್ಕೆ ಮುಂಚಿನ ಆ ವರ್ಷಗಳಲ್ಲಿ, ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿಯೇ ಕನ್ನಡದ ಆಕೃತಿಗಳನ್ನು ಇರಿಸಿ, ನಮ್ಮ ಜನ ಲಕ್ಷಗಟ್ಟಲೆ ಪುಟಗಳನ್ನು ಬೆರಳಚ್ಚಿಸಿದರು. ಸಂಘಗಳ ಸದಸ್ಯರ ಪಟ್ಟಿಗಳು, ಮಠಗಳ ಗ್ರಂಥಗಳು, ಶಾಲೆಗಳ ದಾಖಲೆಗಳು, ಸಣ್ಣ ಮುದ್ರಣಾಲಯಗಳು ಅಚ್ಚು ಮಾಡಿದ ಕಾದಂಬರಿಗಳು, ಎಲ್ಲವೂ ಆ ಸಂಕೇತದಲ್ಲಿವೆ. ಇಂದು ಅದನ್ನು ಮೊಬೈಲಿನಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ, ಹುಡುಕಿದರೆ ಸಿಗುವುದಿಲ್ಲ, ಅಕಾರಾದಿಯಲ್ಲಿ ಜೋಡಿಸಿದರೆ ಜೋಡಣೆ ತಪ್ಪುತ್ತದೆ. ಪರಿವರ್ತಕ ತಂತ್ರಾಂಶಗಳು ಇವೆ; ಆದರೆ ಅರ್ಕಾವೊತ್ತು, ಒತ್ತಕ್ಷರ, ಅಂಕಿಗಳ ಬಳಿ ಅವು ಮಾಡುವ ತಪ್ಪುಗಳನ್ನು ಕನ್ನಡ ಬಲ್ಲವನು ಕುಳಿತು ತಿದ್ದಬೇಕು. ಸದಸ್ಯನೊಬ್ಬನ ಹೆಸರಿನಲ್ಲಿ ಒಂದು ಒತ್ತು ಬಿದ್ದುಹೋದರೆ ಅವನ ಠೇವಣಿ ಅವನ ಆಧಾರ್ ಹೆಸರಿಗೆ ಹೊಂದದೆ ಅವನು ಅಲೆಯಬೇಕಾಗುತ್ತದೆ. ಇದು ಶಿವಮೊಗ್ಗೆಯಲ್ಲಿ ಕುಳಿತು ಮಾಡಬಹುದಾದ, ಕನ್ನಡಿಗನಲ್ಲದವನು ಮಾಡಲಾಗದ ಕೆಲಸ. ಇದಕ್ಕೆ ಸಿಗುವ ಹಣ ಅಲ್ಪವೆಂದು ಕೆಲವರು ಹೇಳುವರು. ಒಂದು ಮುದ್ರಣಾಲಯದ ಹಳೆಯ ಪುಸ್ತಕಗಳೆಲ್ಲ ಮತ್ತೆ ಅಚ್ಚಿಗೆ ಬರುವಂತಾದರೆ ಅದಕ್ಕೆ ಅವರು ಕೊಡುವ ಬೆಲೆ ಅಲ್ಪವಾಗಿರುವುದಿಲ್ಲ ಎಂದು ನಾನು ಕಂಡಿದ್ದೇನೆ. ಹಣದ ಮಾತು ಹಾಗಿರಲಿ. ಆ ಪುಟಗಳು ಓದಲಾಗದೆ ಅಳಿದು ಹೋಗುವುದನ್ನು ನೋಡಿಕೊಂಡು ಸುಮ್ಮನಿರಲು ನನ್ನಿಂದ ಸಾಧ್ಯವಿಲ್ಲ.

ಕಿರಿಯ: ಹಣದ ಮಾತು ಬಂದುದರಿಂದ ಕೇಳುತ್ತೇನೆ. ಬೆಲೆಯನ್ನು ಹೇಗೆ ಹೇಳಬೇಕು? ಗಂಟೆಗಿಷ್ಟು ಎಂದರೆ ಇಲ್ಲಿ ಯಾರೂ ಒಪ್ಪುವುದಿಲ್ಲ.

ಹಿರಿಯರು: ಗಂಟೆಯ ಲೆಕ್ಕ ಇಲ್ಲಿ ನಡೆಯದು. ಕೆಲಸಕ್ಕಿಷ್ಟು, ಅನಂತರದ ನಿರ್ವಹಣೆಗೆ ವರ್ಷಕ್ಕಿಷ್ಟು ಎಂದು ಹೇಳಿ, ಏನು ಸೇರಿದೆ ಏನು ಸೇರಿಲ್ಲ ಎಂಬುದನ್ನು ಒಂದು ಕಾಗದದಲ್ಲಿ ಬರೆದುಕೊಡು. ಒಂದು ಭಾಗ ಮುಂಗಡವಾಗಿ ಬರದೆ ಆರಂಭಿಸಬೇಡ. ಸಣ್ಣ ಉದ್ದಿಮೆಯೆಂದು ಉದ್ಯಮ್ ನೋಂದಣಿ ಮಾಡಿಸಿಕೋ. 2006ರ ಕಾಯಿದೆಯ ಪ್ರಕಾರ ಸಣ್ಣ ಉದ್ದಿಮೆಗೆ ಸಲ್ಲಬೇಕಾದ ಹಣವನ್ನು, ಕರಾರು ಏನೇ ಇದ್ದರೂ, 45 ದಿನಗಳೊಳಗೆ ಸಲ್ಲಿಸಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ ತೆರಬೇಕು. ಊರಿನ ಗಿರಾಕಿಯ ಮೇಲೆ ಆ ಕಾಯಿದೆಯನ್ನು ಹೂಡುವ ಪ್ರಸಂಗ ಬರದಿರಲಿ. ಆದರೆ ಅವನ ಆಡಿಟರಿಗೆ ಅದು ಗೊತ್ತಿರುವುದರಿಂದ ನಿನ್ನ ಬಿಲ್ಲು ಕೆಳಗೆ ಬೀಳುವುದಿಲ್ಲ. ನಿನ್ನ ವಾರ್ಷಿಕ ವರಮಾನ 20 ಲಕ್ಷ ದಾಟುವವರೆಗೆ ಜಿ.ಎಸ್.ಟಿ. ನೋಂದಣಿಯ ಚಿಂತೆ ಸಾಮಾನ್ಯವಾಗಿ ಬೇಡ. ಮತ್ತೊಂದು: ಕಂಪ್ಯೂಟರ್ ಮಾರುವವರು, ತಂತ್ರಾಂಶ ಮಾರುವವರು ನಿನ್ನನ್ನು ಹುಡುಕಿಕೊಂಡು ಬಂದು, ನಮ್ಮ ಮಾಲನ್ನು ಶಿಫಾರಸು ಮಾಡಿದರೆ ಇಷ್ಟು ಕಮಿಷನ್ ಎನ್ನುತ್ತಾರೆ. ಅದನ್ನು ಸರ್ವಥಾ ಮುಟ್ಟಬೇಡ. ಸಲಹೆಗೆ ಗಿರಾಕಿ ಹಣ ಕೊಡುವುದು, ಆ ಸಲಹೆ ಬೇರೆ ಯಾರಿಂದಲೂ ಹಣ ಪಡೆದಿಲ್ಲವೆಂಬ ನಂಬಿಕೆಯಿಂದ.

ಕಿರಿಯ: ಇದನ್ನೆಲ್ಲ ಒಪ್ಪಿಕೊಂಡೆ. ಆದರೂ ಒಂದು ಭಯವಿದೆ. ನಾನು ಇಷ್ಟು ಶ್ರಮಪಟ್ಟು ಮಂಡಿಯ ಕ್ರಮವನ್ನೆಲ್ಲ ಕಲಿತು ತಂತ್ರಾಂಶ ಕಟ್ಟಿಕೊಟ್ಟ ಮೇಲೆ, ಅರ್ಧ ಬೆಲೆಗೆ ಬರುವ ಹುಡುಗನೊಬ್ಬನ ಕೈಗೆ ಅವರು ಅದನ್ನು ಒಪ್ಪಿಸಿದರೆ? ಅದಕ್ಕಾಗಿ ಕೆಲವರು ಸೋರ್ಸ್ ಕೋಡನ್ನೂ ಮುಖ್ಯ ಪಾಸ್‌ವರ್ಡನ್ನೂ ತಮ್ಮ ಬಳಿಯೇ ಇಟ್ಟುಕೊಳ್ಳುತ್ತಾರೆ. ಗಿರಾಕಿಯನ್ನು ಉಳಿಸಿಕೊಳ್ಳುವುದಕ್ಕೆ ಬೇರೆ ಮಾರ್ಗವೇನಿದೆ?

ಹಿರಿಯರು: ಈ ಪ್ರಶ್ನೆಗಾಗಿಯೇ ನಾನು ಕಾಯುತ್ತಿದ್ದೆ. ಅಂಗಡಿಗೆ ಬಾಗಿಲು ಮಾಡಿಕೊಟ್ಟ ಬಡಗಿ ಬೀಗದ ಕೈಯನ್ನು ತನ್ನ ಮನೆಗೆ ಒಯ್ಯುವುದುಂಟೆ? ಈ ಜಿಲ್ಲೆಯ ಒಂದು ಪತ್ತಿನ ಸಂಘದಲ್ಲಿ ನಡೆದುದನ್ನು ಹೇಳುತ್ತೇನೆ. ಅವರ ಠೇವಣಿ, ಸಾಲ, ಷೇರುಗಳ ಲೆಕ್ಕವನ್ನೆಲ್ಲ ಒಬ್ಬನೇ ಬರೆದ ಪ್ರೋಗ್ರಾಮಿನಲ್ಲಿ ಇಟ್ಟಿದ್ದರು. ಆತ ಸಮರ್ಥ, ಆದರೆ ಪಾಸ್‌ವರ್ಡನ್ನು ಯಾರಿಗೂ ಕೊಟ್ಟಿರಲಿಲ್ಲ. ಒಂದು ದಿನ ಹೃದಯಾಘಾತವಾಗಿ ತೀರಿಕೊಂಡ. ಮರುವಾರ ಬಡ್ಡಿ ಹಾಕುವ ದಿನ ಬಂದಿತು. ಕಾರ್ಯದರ್ಶಿ ಅವನ ಹೆಂಡತಿಯ ಮನೆಬಾಗಿಲಿಗೆ, ಸೂತಕ ಕಳೆಯುವ ಮುಂಚೆಯೇ, ಪಾಸ್‌ವರ್ಡ್ ಎಲ್ಲಿಯಾದರೂ ಬರೆದಿಟ್ಟಿದ್ದಾನೆಯೇ ಎಂದು ಕೇಳುವುದಕ್ಕೆ ಹೋಗಬೇಕಾಯಿತು. ಆ ಹೆಣ್ಣುಮಗಳಿಗೆ ಏನು ತಿಳಿಯಬೇಕು? ಕಡೆಗೆ ನನ್ನನ್ನು ಕರೆದರು. ಹಿಂದಿನ ತಿಂಗಳ ಮುದ್ರಿತ ಪಟ್ಟಿಗಳನ್ನು ಹರಡಿಕೊಂಡು ನಾಲ್ವರು ಗುಮಾಸ್ತರೊಡನೆ ಎಲ್ಲವನ್ನೂ ಮತ್ತೆ ಬೆರಳಚ್ಚಿಸಿದೆವು. ಒಂದೇ ಹೆಸರಿನವರ ಖಾತೆಗಳನ್ನು ಬೇರ್ಪಡಿಸುವುದಕ್ಕೆ ಊರೂರಿಗೆ ಹೋಗಿ ಪಾಸ್‌ಬುಕ್ಕು ನೋಡಿ ಬರಬೇಕಾಯಿತು. ವಿಧವೆಯರ ಠೇವಣಿ, ಕೂಲಿಕಾರರ ಪಿಗ್ಮಿ ಹಣ ಅದರಲ್ಲಿತ್ತು. ಸತ್ತವನನ್ನು ನಾನು ನಿಂದಿಸುವುದಿಲ್ಲ. ಈ ವೃತ್ತಿಯಲ್ಲಿ ಅವನಂತೆ ಮಾಡುವವರು ಅನೇಕರಿದ್ದರು, ಈಗಲೂ ಇದ್ದಾರೆ. ಆದರೆ ಇದು ಅನ್ಯಾಯ. ಪರರ ಲೆಕ್ಕದ ಮೇಲೆ ನಮ್ಮ ಪ್ರಾಣದ ಅವಧಿಯನ್ನು ಕಟ್ಟುವ ಅಧಿಕಾರ ನಮಗಿಲ್ಲ.

ಕಿರಿಯ: ಪಾಸ್‌ವರ್ಡಿನ ವಿಚಾರ ತಿಳಿಯಿತು. ಸೋರ್ಸ್ ಕೋಡ್ ನನ್ನ ಸೃಷ್ಟಿಯಲ್ಲವೆ? ಅದರಲ್ಲಿ ನಾನು ಹತ್ತು ಗಿರಾಕಿಗಳಿಗೆ ಉಪಯೋಗಿಸುವ ಭಾಗಗಳೂ ಇರುತ್ತವೆ.

ಹಿರಿಯರು: ನಿನ್ನ ಸೃಷ್ಟಿಯೇ. 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮು ಸಾಹಿತ್ಯ ಕೃತಿಗಳ ಸಾಲಿನಲ್ಲಿದೆ. ನೌಕರನು ಬರೆದುದು ಸಾಮಾನ್ಯವಾಗಿ ಯಜಮಾನನದಾದರೆ, ನಿನ್ನಂಥ ಸ್ವತಂತ್ರನು ಬರೆದುದು, ಲಿಖಿತವಾಗಿ ಬಿಟ್ಟುಕೊಡದ ಹೊರತು, ನಿನ್ನದೇ. ಕಂಪನಿಯಲ್ಲಿದ್ದಾಗ ನೀನು ಬರೆದುದರಲ್ಲಿ ಒಂದು ಸಾಲೂ ನಿನ್ನದಾಗಿರಲಿಲ್ಲ; ಈಗ ಎಲ್ಲವೂ ನಿನ್ನದು. ಆ ಸ್ವಾಮ್ಯವನ್ನು ಇಟ್ಟುಕೋ, ಹತ್ತು ಕಡೆ ಉಪಯೋಗಿಸುವ ಭಾಗವನ್ನು ಇಟ್ಟುಕೋ. ಆದರೆ ಅದರ ಒಂದು ಪ್ರತಿಯನ್ನು ಗಿರಾಕಿಯ ವಶಕ್ಕೆ ಕೊಟ್ಟು, ತನ್ನ ವ್ಯವಹಾರಕ್ಕಾಗಿ ಅದನ್ನು ಉಪಯೋಗಿಸುವ, ಬೇರೆಯವರಿಂದ ತಿದ್ದಿಸಿಕೊಳ್ಳುವ ಹಕ್ಕನ್ನು ಅವನಿಗೆ ಬರೆದುಕೊಡು. ಪರರಿಗೆ ಮಾರುವ ಹಕ್ಕು ಅವನಿಗೆ ಬೇಡ. ಇಬ್ಬರ ಹಿತವೂ ಅದರಲ್ಲಿ ಉಳಿಯುತ್ತದೆ.

ಕಿರಿಯ: ತಾವು ಹೀಗೆ ಎಲ್ಲವನ್ನೂ ಕೊಟ್ಟ ಮೇಲೆ ಯಾರೂ ತಮ್ಮನ್ನು ಬಿಟ್ಟು ಹೋಗಲಿಲ್ಲವೆ?

ಹಿರಿಯರು: ಹೋದರು. ಸುಳ್ಳು ಹೇಳಿ ನಿನಗೆ ಧೈರ್ಯ ತುಂಬಲಾರೆ. ಮಗನೋ ಅಳಿಯನೋ ಎಂಜಿನಿಯರ್ ಆಗಿ ಬಂದನೆಂದು ಕೆಲವರು, ಕಡಿಮೆ ಬೆಲೆಯೆಂದು ಕೆಲವರು ಹೋದರು. ಅವರಲ್ಲಿ ಎಲ್ಲರೂ ಮರಳಿ ಬರಲಿಲ್ಲ. ಆದರೆ ಹೋಗುವಾಗ ಕಾಗದಪತ್ರವನ್ನೆಲ್ಲ ಸರಿಯಾಗಿ ಒಪ್ಪಿಸಿ, ಹೊಸಬನನ್ನು ಕೂರಿಸಿಕೊಂಡು ಎಲ್ಲವನ್ನೂ ತೋರಿಸಿಕೊಟ್ಟು ಕಳುಹಿಸಿದ್ದರಿಂದ, ಹೋದವರೇ ಬೇರೆಯವರಿಗೆ ನನ್ನ ಹೆಸರು ಹೇಳಿದರು. ವರ್ತಕನಿಗೆ ಹೊಸ ಸಲಹೆಗಾರನ ವಿಷಯದಲ್ಲಿ ಇರುವ ದೊಡ್ಡ ಭಯ, 'ಇವನ ಕೈಗೆ ಸಿಕ್ಕರೆ ಬಿಡಿಸಿಕೊಳ್ಳುವುದು ಹೇಗೆ?' ಎಂಬುದು; ನೀನು ಸುತ್ತಿದ ಅಂಗಡಿಗಳಲ್ಲಿ ನಿನಗೆ ಕಾಫಿ ಕೊಟ್ಟು ಕಳುಹಿಸಿದವರಲ್ಲಿ ಅರ್ಧ ಜನರ ಮನಸ್ಸಿನಲ್ಲಿ ಇದ್ದದ್ದು ಅದೇ ಎಂದು ನಾನು ಬಲ್ಲೆ, ಏಕೆಂದರೆ ಅವರಲ್ಲಿ ಕೆಲವರು ಹಾಗೆ ಸಿಕ್ಕಿಕೊಂಡು ನನ್ನ ಬಳಿ ಬಂದವರು. ಬಿಟ್ಟುಹೋಗುವ ಮಾರ್ಗವನ್ನು ಮೊದಲ ದಿನವೇ ತೋರಿಸಿದ ಸಲಹೆಗಾರನ ಮುಂದೆ ಅವರು ತಮ್ಮ ನಿಜವಾದ ಲೆಕ್ಕದ ಪುಸ್ತಕವನ್ನು ತೆರೆಯುತ್ತಾರೆ. ಅದು ತೆರೆದ ಮೇಲೆ ಕೆಲಸಕ್ಕೆ ಕೊರತೆಯಿಲ್ಲ.

ಕಿರಿಯ: ಹಾಗಾದರೆ ನಾನು ಈಗ ಮಾಡಬೇಕಾದುದೇನು?

ಹಿರಿಯರು: ನಾಳೆ ಅಂಗಡಿಗಳಿಗೆ ಹೋಗಬೇಡ. ನನಗೆ ಪರಿಚಯದ ಆಡಿಟರ್ ಒಬ್ಬರಿಗೆ ಕಾಗದ ಕೊಡುತ್ತೇನೆ. ಈ ತಿಂಗಳ ರಿಟರ್ನ್ ಸಲ್ಲಿಸುವ ವಾರವೆಲ್ಲ ಅವರ ಕಚೇರಿಯಲ್ಲಿ ಸಹಾಯಕರ ಪಕ್ಕದಲ್ಲಿ ಕುಳಿತು ನೋಡು. ಸಂಜೆಯ ಹೊತ್ತು ಎ.ಪಿ.ಎಂ.ಸಿ.ಗೆ ಹೋಗಿ ಟೆಂಡರ್ ನಡೆಯುವುದನ್ನೂ ತೂಕ ನಡೆಯುವುದನ್ನೂ ನೋಡು. ಏನನ್ನೂ ಮಾರಬೇಡ, ಕೇಳಿ ಬರೆದುಕೋ. ಮೊದಲ ಗಿರಾಕಿ ಬಂದ ದಿನ, ಕೆಲಸಕ್ಕೆ ಕೈ ಹಚ್ಚುವ ಮುನ್ನ ಬರೆಯುವ ಒಪ್ಪಂದದ ಕಾಗದದಲ್ಲಿ ಬೆಲೆಯ ಸಾಲಿಗಿಂತಲೂ ಮೇಲೆ ಈ ಮಾತು ಇರಲಿ: ಎಲ್ಲ ಪಾಸ್‌ವರ್ಡುಗಳೂ, ಪ್ರತಿ ತಿಂಗಳ ಬ್ಯಾಕಪ್ಪೂ, ಪ್ರೋಗ್ರಾಮಿನ ಮೂಲವೂ ಮುಚ್ಚಿದ ಲಕೋಟೆಯಲ್ಲಿ ಗಿರಾಕಿಯ ತಿಜೋರಿಯಲ್ಲಿ ಇರತಕ್ಕದ್ದು. ಆ ಸಾಲು ಬೇಡವೆನ್ನುವ ಗಿರಾಕಿ ಬಂದರೂ ಅದನ್ನು ತೆಗೆಯಬೇಡ. ಅಂಥವನ ಕೆಲಸವನ್ನು ಒಪ್ಪಿಕೊಳ್ಳುವುದೇ ಆದರೆ, ಲಕೋಟೆಯನ್ನು ಅವನ ಆಡಿಟರಿಗೆ ಕೊಟ್ಟು ರಸೀತಿ ತೆಗೆದುಕೊಂಡು ಬಾ.